ಶಾಲೆಗಳಲ್ಲಿ ಪ್ರೇರಣಾ ಪ್ರದರ್ಶನ: ಪ್ರೊಜೆಕ್ಟರ್ ಕೊಳ್ಳುವ ಮುನ್ನ

ನೀವು ಕೇಳಿರುವುದು ಎರಡು. ಪ್ರೊಜೆಕ್ಟರ್, ಧ್ವನಿವರ್ಧಕ ಕೊಂಡು ಕೋಲಾರ, ಚಿಕ್ಕಬಳ್ಳಾಪುರದ ಪ್ರೌಢಶಾಲೆಗಳಲ್ಲಿ ಪ್ರೇರಣಾ ಪ್ರದರ್ಶನ ನೀಡುತ್ತ ಹೊಟ್ಟೆ ಹೊರೆಯಬಹುದೇ? ಮಕ್ಕಳಿಗೆ ಏನು ತೋರಿಸಬೇಕು? ಇದೇ ಎರಡು ಜಿಲ್ಲೆಗಳಲ್ಲಿ ಇದೇ ಕೆಲಸ ಮಾಡುತ್ತಿರುವವನು ನಾನು.

ಹೊಟ್ಟೆಪಾಡಿನ ಮಾತು ಬೇಗ ಮುಗಿಯುತ್ತದೆ. ಖಾಸಗಿ ಶಾಲೆಗಳು ಹಣ ಕೊಡುತ್ತವೆ, ಆದರೆ ಅವರಿಗೆ ನಮ್ಮ ನೆನಪಾಗುವುದು ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ. ಸರ್ಕಾರಿ ಶಾಲೆಯಲ್ಲಿ ಮಕ್ಕಳಿಂದ ಒಂದು ರೂಪಾಯಿಯನ್ನೂ ಎತ್ತುವ ಯೋಚನೆ ಬೇಡ. ಊರಿನ ದಾನಿಗಳೋ ಹಳೆಯ ವಿದ್ಯಾರ್ಥಿಗಳೋ ಖರ್ಚು ವಹಿಸಿಕೊಂಡರೆ ಉಂಟು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪತ್ರವಿಲ್ಲದೆ ಹೋಗಿ ಮುಖ್ಯ ಶಿಕ್ಷಕರನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ. ಬೇರೊಂದು ಆದಾಯ ಇಟ್ಟುಕೊಂಡೇ ಇಳಿಯಿರಿ.

ಇನ್ನು ಸಲಕರಣೆ. ನಿಮ್ಮ ಮೊದಲ ವೈರಿ ಬಿಸಿಲು. ಅಂಗಡಿಯ ಕತ್ತಲ ಕೋಣೆಯಲ್ಲಿ ಝಗಮಗಿಸುವ 3,000 ಲ್ಯೂಮೆನ್ (ಬೆಳಕಿನ ಅಳತೆ) ಪ್ರೊಜೆಕ್ಟರ್, ಎರಡೂ ಕಡೆ ಕಿಟಕಿಯಿರುವ ತರಗತಿಯಲ್ಲಿ ತೊಳೆದ ಬಟ್ಟೆಯಂತೆ ಬಿಳಿಚಿಕೊಳ್ಳುತ್ತದೆ. ಕಿಟಕಿಗೆ ಕಟ್ಟಲು ಕಪ್ಪು ಟಾರ್ಪಾಲು, ಹಗ್ಗ, ಬಟ್ಟೆ ಕ್ಲಿಪ್ಪು ಸದಾ ಗಾಡಿಯಲ್ಲಿರಲಿ. ಅದಕ್ಕಿಂತ ಮುಖ್ಯವಾಗಿ, ಗೋಡೆ ತುಂಬ ಚಿತ್ರ ಬೀಳಿಸುವ ಆಸೆ ಬಿಡಿ. ಚಿತ್ರದ ಅಗಲವನ್ನು ಅರ್ಧಕ್ಕಿಳಿಸಿದರೆ ಎತ್ತರವೂ ಅರ್ಧವಾಗಿ, ಅದೇ ಬೆಳಕು ಕಾಲು ಭಾಗ ಜಾಗದಲ್ಲಿ ಬಿದ್ದು ನಾಲ್ಕು ಪಟ್ಟು ಪ್ರಖರವಾಗುತ್ತದೆ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡರಾಯಿತು. ಕರೆಂಟನ್ನು ನಂಬಬೇಡಿ, 150 ಎಎಚ್ (ಆಂಪಿಯರ್-ಗಂಟೆ) ಸಾಮರ್ಥ್ಯದ ಬ್ಯಾಟರಿ ಮತ್ತು ಇನ್ವರ್ಟರ್ ಇದ್ದರೆ ಒಂದು ಪ್ರದರ್ಶನ ನಿರಾತಂಕವಾಗಿ ಮುಗಿಯುತ್ತದೆ. ಶೀಟಿನ ಮಾಡಿನ ಮೇಲೆ ಮಳೆ ಸುರಿದರೆ ಮಾತ್ರ ಯಾವ ಸ್ಪೀಕರಿನ ದನಿಯೂ ಕೇಳಿಸದು. ಸುಮ್ಮನೆ ನಿಲ್ಲಿಸಿ, ಮಕ್ಕಳೊಂದಿಗೆ ಮಳೆ ನೋಡಿ.

ಏನು ತೋರಿಸಬೇಕು ಎಂಬುದರಲ್ಲಿ ನನ್ನದು ಸ್ವಲ್ಪ ಹಟಮಾರಿ ಅಭಿಪ್ರಾಯ. ಈ ಕ್ಷೇತ್ರದಲ್ಲಿ ಚೆನ್ನಾಗಿ ಮಾರಾಟವಾಗುವ ಸರಕು ಕಣ್ಣೀರು. ದೀಪ ಆರಿಸಿ, ಪಿಟೀಲಿನ ಶೋಕರಾಗ ಹಾಕಿ, ಬೆವರು ಸುರಿಸುವ ಅಪ್ಪನ ಚಿತ್ರ ತೋರಿಸಿ, ‘ನಿಮ್ಮ ತಂದೆಯ ಮುಖವನ್ನು ನೆನೆಯಿರಿ’ ಎನ್ನುವುದು. ಸಭಾಂಗಣವೆಲ್ಲ ಅಳುತ್ತದೆ, ಶಿಕ್ಷಕರು ಚಪ್ಪಾಳೆ ತಟ್ಟುತ್ತಾರೆ, ಆಡಳಿತ ಮಂಡಳಿ ಮುಂದಿನ ವರ್ಷಕ್ಕೂ ಗೊತ್ತುಮಾಡುತ್ತದೆ. ಬೇರೊಬ್ಬರು ನಡೆಸಿದ ಇಂಥ ಕಾರ್ಯಕ್ರಮದಲ್ಲಿ ಹಿಂದೆ ನಿಂತಿದ್ದೆ. ಸುತ್ತಲಿನವರೆಲ್ಲ ಬಿಕ್ಕುತ್ತಿದ್ದಾಗ ಕೊನೆಯ ಸಾಲಿನ ಹುಡುಗಿಯೊಬ್ಬಳು ತಲೆ ತಗ್ಗಿಸಿ ಚಪ್ಪಲಿಯ ಬಾರನ್ನು ಬಿಚ್ಚುವುದು, ಹಾಕುವುದು, ಮತ್ತೆ ಬಿಚ್ಚುವುದು ಮಾಡುತ್ತಿದ್ದಳು. ತಂದೆ ತೀರಿಕೊಂಡು ತಿಂಗಳಾಗಿಲ್ಲ ಎಂದು ಆಮೇಲೆ ಅವರ ಶಿಕ್ಷಕಿ ಹೇಳಿದರು. ಅಳಿಸುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ.

ನಮ್ಮ ಕಡೆಯ ಮಕ್ಕಳಿಗೆ ಉತ್ಸಾಹದ ಕೊರತೆಯಿಲ್ಲ. ಬೆಳಗ್ಗೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಬಂದು ತರಗತಿಯಲ್ಲಿ ಕೂರುವ ಶಿಡ್ಲಘಟ್ಟದ ಹುಡುಗನಿಗೆ ‘ಕಷ್ಟಪಡು’ ಎಂದು ಉಪದೇಶಿಸುವುದು ತಮಾಷೆಯೇ ಸರಿ. ಅವನಿಗೆ ಗೊತ್ತಿಲ್ಲದಿರುವುದು ದಾರಿ. ಎಂಟನೇ ತರಗತಿಯಲ್ಲಿ ಕೇಂದ್ರದ ಪ್ರತಿಭಾ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ; ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು. ಇದನ್ನು ಚಿತ್ರವಾಗಿಸಿ ತೋರಿಸಿದಾಗ ಯಾರೂ ಅಳುವುದಿಲ್ಲ, ಪೆನ್ನು ಹುಡುಕುತ್ತಾರೆ.

ಮಾದರಿ ವ್ಯಕ್ತಿಗಳೂ ಹತ್ತಿರದವರಿರಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಓದಲೆಂದು ಬೆಂಗಳೂರಿಗೆ ನಡೆದೇ ಹೋಗಿ, ಭೌತವಿಜ್ಞಾನ ಕಲಿತು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು ಎಂದಾಗ ‘ಎಷ್ಟು ಕಿಲೋಮೀಟರು ಸಾರ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಎಚ್. ನರಸಿಂಹಯ್ಯನವರ ಹೆಸರನ್ನು ನಾನು ಕೊನೆಗೆ ಹೇಳುತ್ತೇನೆ. (ಮುದ್ದೇನಹಳ್ಳಿಯ ಆಸುಪಾಸಿನಲ್ಲಿ ವಿಶ್ವೇಶ್ವರಯ್ಯನವರ ಚಿತ್ರ ಹಾಕಿದರೆ ಮಕ್ಕಳು ಆಕಳಿಸುತ್ತಾರೆ, ಪ್ರತಿ ಸೆಪ್ಟೆಂಬರ್ 15ಕ್ಕೂ ಭಾಷಣ ಕೇಳಿಯೇ ಬೆಳೆದವರು.) ಬಂಗಾರಪೇಟೆ ಕಡೆ ಕೆಜಿಎಫ್ ಚಿನ್ನದ ಗಣಿಗಳ ಕಥೆ ಹೇಳಿ: ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಬಂದದ್ದು ಆ ಗಣಿಗಳಿಗೆ, ಬೆಂಗಳೂರು ನಗರಕ್ಕೆ 1905ರಲ್ಲಿ. ಹಾಗಾದರೆ ಗಣಿ 2001ರಲ್ಲಿ ಮುಚ್ಚಿದ್ದೇಕೆ ಎಂದು ಕೇಳುವ ಮಕ್ಕಳಿರುತ್ತಾರೆ, ಉತ್ತರ ಸಿದ್ಧವಿರಲಿ.

ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗಾಗಿರುವ ಮಕ್ಕಳು ಬಹಳ. ಕನ್ನಡದಲ್ಲೇ ನಡೆಸಿ, ಆದರೆ ನಡುವೆ ನಾಲ್ಕು ಮಾತು ತೆಲುಗಿನಲ್ಲಿ ಆಡಿದರೆ ಹಿಂದಿನ ಸಾಲೂ ಬಾಯಿ ಬಿಡುತ್ತದೆ.

ಒಟ್ಟು ನಲವತ್ತು ನಿಮಿಷ ಮೀರಬೇಡಿ, ಉಳಿದ ಸಮಯವನ್ನು ಪ್ರಶ್ನೆಗಳಿಗೆ ಬಿಡಿ. ಬಿಸಿಯೂಟದ ಗಂಟೆಗೆ ಅಡ್ಡ ಬರಬೇಡಿ. ವಿದ್ಯಾರ್ಥಿವೇತನ, ಪ್ರವೇಶ ಪರೀಕ್ಷೆಗಳಿಗೆ ಅರ್ಜಿ ಹಾಕುವ ವಿವರಗಳನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಿ ಬನ್ನಿ; ಕೊನೆಯ ದಿನಾಂಕ ಪ್ರತಿ ವರ್ಷ ಬದಲಾಗುವುದರಿಂದ ಆ ಜಾಗವನ್ನು ಖಾಲಿ ಬಿಟ್ಟು, ಅಲ್ಲಿಯೇ ಮುಖ್ಯ ಶಿಕ್ಷಕರಿಂದ ಬರೆಸಿ.