ಅಮೆರಿಕದ ಹಳೇ ರೈಲ್ವೆ ಶಾಖಾ ಮಾರ್ಗಗಳು ಏನಾದವು?

ಎಲ್ಲವೂ ಮುಚ್ಚಿಹೋಗಿಲ್ಲ. 1916ರ ಹೊತ್ತಿಗೆ ಅಲ್ಲಿ ಸುಮಾರು 2.54 ಲಕ್ಷ ಮೈಲಿ ರೈಲು ಮಾರ್ಗವಿತ್ತು. ಮುಖ್ಯ ಮಾರ್ಗದಿಂದ ಕವಲೊಡೆದ ಸಣ್ಣ ಹಳಿಗಳು ಧಾನ್ಯ, ಮರ, ಕಲ್ಲಿದ್ದಲು, ಹಾಲು ಹೊತ್ತು ತರುತ್ತಿದ್ದವು. ಡಾಂಬರು ರಸ್ತೆ, ಲಾರಿ ಬಂದ ಮೇಲೆ ಸರಕು ಕಡಿಮೆಯಾಯಿತು, ಆದರೆ ಹಳಿ, ಸೇತುವೆ ನೋಡಿಕೊಳ್ಳುವ ಖರ್ಚು ಇಳಿಯಲಿಲ್ಲ. ರೈಲು ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಣ ಸಡಿಲಿಸಿದ 1980ರ ಸ್ಟ್ಯಾಗರ್ಸ್ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಇಂಥ ಮಾರ್ಗಗಳನ್ನು ಜಾಸ್ತಿ ಮಾರತೊಡಗಿದವು. ಕೊಂಡವರಲ್ಲಿ ಸಣ್ಣ ರೈಲು ಕಂಪನಿಗಳೇ ಹೆಚ್ಚು. ಊರಿನ ಧಾನ್ಯ ಗೋದಾಮಿಗೆ ನಾಲ್ಕಾರು ವ್ಯಾಗನ್ ಎಳೆದುಕೊಂಡು ಅವು ಇಂದಿಗೂ ನಿಧಾನವಾಗಿ ಓಡುತ್ತಿವೆ.

ನನಗೆ ತುಂಬಾ ಇಷ್ಟವಾದದ್ದು 1983ರ ಕಾನೂನು. ರೈಲು ನಿಂತರೂ ಜಾಗ ಚೂರುಚೂರಾಗಿ ಹಂಚಿಹೋಗದಂತೆ ಸೈಕಲ್ ದಾರಿಯಾಗಿ ಉಳಿಸಿಕೊಳ್ಳಬಹುದು, ಮುಂದೆ ಬೇಕಾದರೆ ಮತ್ತೆ ಹಳಿ ಹಾಕಬಹುದು. ಒಮ್ಮೆ ಕೈತಪ್ಪಿದರೆ ಅಷ್ಟುದ್ದದ ಜಾಗ ಮತ್ತೆ ಸಿಗೋದು ಕಷ್ಟ ಅಲ್ವಾ? ರೈಲಿಗಾಗಿ ಏರು ತಗ್ಗಿಸಿ ಮಾಡಿದ ದಾರಿಯಾದ್ದರಿಂದ ಸೈಕಲ್ ತುಳಿಯುವವರಿಗೂ ಸುಲಭ.

ಈ ಕಾನೂನಿಗೂ ಮೊದಲೇ, 1960ರ ದಶಕದಲ್ಲಿ, ವಿಸ್ಕಾನ್ಸಿನ್‌ನ ಎಲ್ರಾಯ್–ಸ್ಪಾರ್ಟಾ ಮಾರ್ಗ ಹೀಗೆ ಬದಲಾಯಿತು. ಅಲ್ಲಿ ಮೂರು ಸುರಂಗಗಳಿವೆ. ಚಳಿಗಾಲದಲ್ಲಿ ಒಳಗೆ ಹಿಮ ಕಟ್ಟಬಾರದು ಅಂತ ರೈಲಿನ ಕಾಲದಲ್ಲೇ ಅವುಗಳ ಬಾಯಿಗೆ ದೊಡ್ಡ ಮರದ ಬಾಗಿಲು ಇಟ್ಟಿದ್ದರು. ರೈಲು ಬರುವಾಗ ತೆಗೆದು, ಹೋದ ಮೇಲೆ ಮುಚ್ಚಲು ಕಾವಲುಗಾರರಿದ್ದರು.