ಉಪಗ್ರಹವೇ ಅಳೆಯುವಾಗ ಮಷೀನ್ ಲರ್ನಿಂಗ್ ಯಾಕೆ?

‘ಅಯಾನುಗೋಳವನ್ನು ಉಪಗ್ರಹಗಳೇ ಅಳೆಯುತ್ತವಲ್ಲ, ಮತ್ತೆ ಮಷೀನ್ ಲರ್ನಿಂಗ್ ಯಾಕೆ?’ ಎಂದು ಕೇಳಿದ್ದೀರಿ. ಅಯಾನುಗೋಳ ಎಂದರೆ ವಾತಾವರಣದ ಮೇಲ್ಭಾಗದಲ್ಲಿ ಬಿಡಿ ಎಲೆಕ್ಟ್ರಾನ್‌ಗಳು ತುಂಬಿರುವ ಪದರ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಇದೇ ಡೇಟಾ ಹಿಡಿದು ತಿಂಗಳುಗಟ್ಟಲೆ ಕೂತಿದ್ದೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಅಳತೆಗೆ ಭೌತಶಾಸ್ತ್ರವೇ ಸಾಕು. ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. 2006ರಲ್ಲಿ ಹಾರಿಸಿದ, ಜಿಪಿಎಸ್ ಸಿಗ್ನಲ್ ಹಿಡಿದು ಅಳೆಯುವ ಕಾಸ್ಮಿಕ್ ಎಂಬ ಯೋಜನೆಯ ಆರು ಉಪಗ್ರಹಗಳು ಸುತ್ತಿದ್ದು ಸುಮಾರು 800 ಕಿ.ಮೀ.ನಲ್ಲಿ. ಅಲ್ಲಿಂದ ನೋಡಿದರೆ ಜಿಪಿಎಸ್ ಭೂಮಿಯ ಅಂಚಿನಲ್ಲಿ ಮುಳುಗುತ್ತದೆ. ಆಗ ಅದರ ಸಿಗ್ನಲ್ ಅಯಾನುಗೋಳವನ್ನು ಅಡ್ಡಲಾಗಿ ದಾಟಿ ಬರುತ್ತದೆ. ಆ ಸಿಗ್ನಲ್‌ನ ಎರಡು ಫ್ರೀಕ್ವೆನ್ಸಿಗಳ ಮೇಲೆ ಆಗುವ ಪರಿಣಾಮ ಬೇರೆ ಬೇರೆ. ಆ ವ್ಯತ್ಯಾಸದಿಂದ ದಾರಿಯಲ್ಲಿದ್ದ ಎಲೆಕ್ಟ್ರಾನ್‌ಗಳ ಲೆಕ್ಕ ಸಿಗುತ್ತದೆ.

ಆದರೆ ಸಿಗುವುದು ಇಡೀ ದಾರಿಯ ಮೊತ್ತ. ಯಾವ ಎತ್ತರದಲ್ಲಿ ಎಷ್ಟು ಎಂದು ಬಿಡಿಸಬೇಕಾದರೆ, ಸುತ್ತಲೂ ಒಂದೇ ಸಮ ಇದೆ ಅಂದುಕೊಳ್ಳಬೇಕು. ನಮ್ಮ ದಕ್ಷಿಣ ಭಾರತದ ಮೇಲೆ ಈ ಊಹೆ ಸರಿಯಾಗಿ ನಿಲ್ಲುವುದಿಲ್ಲ. ಕಾಂತೀಯ ಸಮಭಾಜಕ ರೇಖೆ, ಅಂದರೆ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿರುವ ಗೆರೆ, ಹಾಯುವುದು ದೇಶದ ದಕ್ಷಿಣ ತುದಿಯ ಹತ್ತಿರ. ಕೇರಳದ ತುಂಬಾ ಎಂಬ ಊರಿನಿಂದ ರಾಕೆಟ್ ಹಾರಿಸಲು ಶುರುಮಾಡಿದ್ದೂ ಇದೇ ಕಾರಣಕ್ಕೆ. ಹಗಲಲ್ಲಿ ಎಲೆಕ್ಟ್ರಾನ್‌ಗಳು ಅಲ್ಲಿ ಮೇಲೆದ್ದು ಉತ್ತರಕ್ಕೂ ದಕ್ಷಿಣಕ್ಕೂ ಜಾರಿ, ಸುಮಾರು 15 ಡಿಗ್ರಿ ದೂರದಲ್ಲಿ ದಟ್ಟವಾಗುತ್ತವೆ. ಅಂದರೆ ನಡುವೆ ತಗ್ಗು, ಆಚೀಚೆ ದಿಬ್ಬ. ಜೊತೆಗೆ ಉಪಗ್ರಹ ಹಾದುಹೋಗದ ಜಾಗ, ಹೊತ್ತು ಎಷ್ಟೋ ಇರುತ್ತವೆ.

ಮಷೀನ್ ಲರ್ನಿಂಗ್ ಬೇಕಾಗುವುದು ಈ ಖಾಲಿ ತುಂಬಲು. ಜಾಗ, ಹೊತ್ತು, ಋತು, ಸೂರ್ಯನ ಚಟುವಟಿಕೆ ಕೊಟ್ಟರೆ ಎಲೆಕ್ಟ್ರಾನ್ ಸಾಂದ್ರತೆ ಹೇಳಲು ಅದು ಹಳೆಯ ಅಳತೆಗಳಿಂದ ಕಲಿಯುತ್ತದೆ. ನಮ್ಮ ಭಾರತೀಯ ಭೂಕಾಂತತ್ವ ಸಂಸ್ಥೆಯವರು ಉಪಗ್ರಹಗಳ ಮತ್ತು ನೆಲದ ಉಪಕರಣಗಳ ಅಳತೆ ಸೇರಿಸಿ ಆನಿಮ್ ಎಂಬ ಮಾದರಿಯನ್ನೇ ಕಟ್ಟಿದ್ದಾರೆ. ನೋಡಿ ನನಗೆ ತುಂಬಾ ಖುಷಿಯಾಗಿತ್ತು.

ನಾನು ಎಡವಿದ್ದನ್ನೂ ಹೇಳಿಬಿಡುತ್ತೇನೆ. ಡೇಟಾವನ್ನು ಹೇಗೆ ಬೇಕೋ ಹಾಗೆ ಕಲಸಿ, ಒಂದು ಪಾಲನ್ನು ಪರೀಕ್ಷೆಗೆ ಇಟ್ಟಿದ್ದೆ. ಫಲಿತಾಂಶ ಭರ್ಜರಿ ಬಂತು. ಗೈಡ್ ಮೇಡಂ ನೋಡಿದವರೇ, ‘ಅಕ್ಕಪಕ್ಕದ ನಿಮಿಷದ ಅಳತೆಗಳು ಎರಡೂ ಕಡೆ ಇವೆ ಅಲ್ವಾ?’ ಎಂದರು. ಹೌದು, ಇದ್ದವು. ಮಾದರಿ ಉತ್ತರವನ್ನು ಮೊದಲೇ ನೋಡಿಬಿಟ್ಟಿತ್ತು. ಆಮೇಲೆ 2007ರಿಂದ 2009ರ ಡೇಟಾದಿಂದ ಕಲಿಸಿ, 2014ರ ಮೇಲೆ ಪರೀಕ್ಷೆ ಮಾಡಿದೆ. ಮೊದಲಿನವು ಸೂರ್ಯ ತಣ್ಣಗಿದ್ದ ವರ್ಷಗಳು, 2014 ಅವನ ಚಟುವಟಿಕೆ ಏರಿದ್ದ ವರ್ಷ. ಮಾದರಿ ನಿಜಕ್ಕಿಂತ ಎಷ್ಟೋ ಕಡಿಮೆ ತೋರಿಸಿತು. ಅಷ್ಟು ಎಲೆಕ್ಟ್ರಾನ್‌ಗಳನ್ನು ಅದು ಕಂಡೇ ಇರಲಿಲ್ಲವಲ್ಲ.

ಕಾಂತೀಯ ಬಿರುಗಾಳಿಯ, ಅಂದರೆ ಸೂರ್ಯನಿಂದಾಗಿ ಭೂಮಿಯ ಕಾಂತಕ್ಷೇತ್ರ ಕದಡುವ, ದಿನಗಳದ್ದೂ ಇದೇ ಕಥೆ. ಅವು ಅಪರೂಪ, ಹಾಗಾಗಿ ಕಲಿಯಲು ಸಿಗುವ ಡೇಟಾ ಕಡಿಮೆ. ವಿಮಾನಕ್ಕೆ ದಾರಿ ತೋರುವ ಜಿಪಿಎಸ್‌ಗೆ ಸರಿಯಾದ ಲೆಕ್ಕ ಜಾಸ್ತಿ ಬೇಕಾಗುವುದು ಮಾತ್ರ ಆ ದಿನಗಳಲ್ಲೇ.

ನೀವು ಶುರುಮಾಡುವುದಿದ್ದರೆ ಕಾಸ್ಮಿಕ್ ಡೇಟಾ ಉಚಿತವಾಗಿ ಸಿಗುತ್ತದೆ. ಇಡೀ ಒಂದು ವರ್ಷವನ್ನು ಪರೀಕ್ಷೆಗೆಂದೇ ಮುಟ್ಟದೆ ಎತ್ತಿಡಿ. ಐಆರ್‌ಐ (ಇಂಟರ್‌ನ್ಯಾಷನಲ್ ರೆಫರೆನ್ಸ್ ಅಯನೋಸ್ಫಿಯರ್) ಎಂಬ ಅಯಾನುಗೋಳದ ಹಳೆಯ ಮಾದರಿಯ ಜೊತೆ ಹೋಲಿಸಿ, ಬಿರುಗಾಳಿಯ ದಿನಗಳನ್ನು ಬೇರೆಯಾಗಿಯೇ ನೋಡಿ.