ಕರಿಯ ಬೊಗಳುವುದು ದೀಪ ಆರಿದ ಮೇಲೆ

ಹಾಸನದ ಗೃಹಿಣಿಯೊಬ್ಬರ ಪತ್ರ ಓದಿದ ಮೇಲೆ ಈ ವಾರ ಉಳಿದ ಪತ್ರಗಳನ್ನು ಬದಿಗಿಟ್ಟಿದ್ದೇನೆ. ಅವರ ಮನೆಯ ಮೂರು ವರ್ಷದ ನಾಟಿ ನಾಯಿ ಕರಿಯ ಕೆಲವು ತಿಂಗಳಿಂದ ರಾತ್ರಿಯಿಡೀ ಬೊಗಳುತ್ತದೆ, ಕಾರಿಗೆ ಹತ್ತಿಸಿದರೆ ಜೊಲ್ಲು ಸುರಿಸುತ್ತ ಕುಂಯ್‌ಗುಡುತ್ತದೆ. ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ಬಂದು ದೂರಿದ್ದಾರೆ. ಮುಂದಿನ ತಿಂಗಳು ತಂಗಿಯ ನಿಶ್ಚಿತಾರ್ಥಕ್ಕೆ ಇವರು ಚಿಕ್ಕಮಗಳೂರಿನ ತವರಿಗೆ ಹೋಗಬೇಕಾಗಿದೆ. ನಿದ್ರೆ ಮಾತ್ರೆ ಹಾಕಿ ಎಂದು ಭಾವ ಹೇಳುತ್ತಾರೆ, ಯಾರಿಗಾದರೂ ಕೊಟ್ಟುಬಿಡೋಣ ಎಂದು ಪತಿ ಹೇಳುತ್ತಾರೆ. ಯಾರ ಮಾತು ಕೇಳಲಿ ಎಂಬುದು ಅವರ ಪ್ರಶ್ನೆ.

ಇಬ್ಬರ ಮಾತನ್ನೂ ಕೇಳಬೇಡಿ. ನಾಲ್ಕು ಪುಟಗಳ ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟ ಸಂಗತಿಯೊಂದಿದೆ: ನೀವು ತವರಿಗೆ ಹೋಗಿದ್ದಾಗ ಭಾವನವರು ಕರಿಯನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಸಕಲೇಶಪುರದ ಆಚೆ ಸ್ನೇಹಿತರ ಕಾಫಿ ತೋಟದಲ್ಲಿ ಬಿಟ್ಟು ಬಂದಿದ್ದರು, ನೀವು ಅತ್ತು ಹಟ ಹಿಡಿದ ಮೇಲೆ ಹದಿನೈದು ದಿನ ಕಳೆದು ಮರಳಿ ತಂದರು. ಬೊಗಳಾಟ ಶುರುವಾದದ್ದು ಅದಾದ ಮೇಲೆ ಎಂಬುದು ನಿಮ್ಮ ಪತ್ರದಲ್ಲೇ ಇದೆ, ಆದರೆ ಎರಡನ್ನೂ ನೀವು ಜೋಡಿಸಿಲ್ಲ. ಆ ತೋಟಗಳಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿಯನ್ನು ಚಿರತೆ ಹೊತ್ತೊಯ್ಯುವುದು ಅಲ್ಲಿನವರಿಗೆಲ್ಲ ಗೊತ್ತು. ಪಟ್ಟಣದಲ್ಲಿ ಬೆಳೆದ ಪ್ರಾಣಿ ಅಲ್ಲಿ ಸರಪಳಿಯಲ್ಲಿ ಎಷ್ಟು ಇರುಳು ಕಿವಿ ನಿಮಿರಿಸಿ ಕೂತಿತ್ತೋ ಯೋಚಿಸಿ. ಮನೆಯವರಲ್ಲಿ ಒಬ್ಬರು ಊರಲ್ಲಿಲ್ಲದಾಗ ಅವರಿಗೆ ಪ್ರಿಯವಾದುದರ ಬಗ್ಗೆ ಕೈಗೊಂಡ ತೀರ್ಮಾನ ತೀರ್ಮಾನವೇ ಅಲ್ಲ ಎಂದು ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ನಿಮ್ಮ ಪತ್ರದಲ್ಲಿ ಇನ್ನೂ ಎರಡು ಸುಳಿವುಗಳಿವೆ. ಬೀದಿನಾಯಿಗಳನ್ನು ಕಂಡಾಗಲ್ಲ, ಮನೆಯ ದೀಪ ಆರಿಸಿದ ಸ್ವಲ್ಪ ಹೊತ್ತಿಗೆ ಅದು ಬೊಗಳತೊಡಗುತ್ತದೆ. ಅಂದರೆ ಹಿತ್ತಲಲ್ಲಿ ಕಟ್ಟಿದ ಅದಕ್ಕೆ ಒಂಟಿತನದ ಭಯವಿದೆ. ಕಾರಿನಲ್ಲಿ ತಿರುವುಗಳು ಬಂದ ಮೇಲೆ ಆಕಳಿಸಿ, ತುಟಿ ನೆಕ್ಕಿ, ವಾಂತಿ ಮಾಡುವ ನಾಯಿಗೆ ಪ್ರಯಾಣದ ಹೊಟ್ಟೆ ತೊಳಸು ಇರುತ್ತದೆ, ಅದಕ್ಕೆ ಪಶುವೈದ್ಯರಲ್ಲಿ ಔಷಧವಿದೆ. ಕರಿಯ ಹಾಗಲ್ಲ, ಎಂಜಿನ್ ಶುರುವಾಗುವ ಮೊದಲೇ, ಬಾಗಿಲು ತೆರೆದೊಡನೆ ಅದು ನಡುಗುತ್ತದೆ. ಕಾರು ಹತ್ತಿದರೆ ಮನೆ ಕಳೆದುಹೋಗುತ್ತದೆ ಎಂಬುದು ಅದರ ಅನುಭವ.

ಮನುಷ್ಯರ ನಿದ್ರೆ ಮಾತ್ರೆಯನ್ನು ಅಂದಾಜಿನಲ್ಲಿ ಕೊಟ್ಟರೆ ನಾಯಿಯ ಪ್ರಾಣಕ್ಕೇ ಅಪಾಯ. ವೈದ್ಯರು ಕೊಡುವ ಮಂಪರು ಔಷಧಗಳಲ್ಲೂ ಕೆಲವು ಮೈಯನ್ನು ಮಾತ್ರ ಕಟ್ಟಿಹಾಕುತ್ತವೆ, ಒಳಗಿನ ಭಯ ಹಾಗೆಯೇ ಉಳಿಯುತ್ತದೆ. ಔಷಧ ಬೇಕೇ ಬೇಡವೇ ಎಂದು ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ತೋರಿಸಿ ಕೇಳಿ. ನೋವು, ಕಿವಿಯ ಸೋಂಕು ಇಲ್ಲವೆಂಬುದೂ ಖಚಿತವಾಗಲಿ. ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ ಎಂಬುದನ್ನು ಮನೆಯ ಗಂಡಸರಿಗೆ ಓದಿ ಹೇಳಿ.

ನೀವು ಮಾಡಬೇಕಾದುದು ಒಂದೇ: ಇವತ್ತು ರಾತ್ರಿಯಿಂದಲೇ ಕರಿಯನನ್ನು ಒಳಗೆ ತಂದು, ನೀವು ಮಲಗುವ ಕೋಣೆಯ ಬಾಗಿಲ ಬಳಿ ಹಳೆಯ ಕಂಬಳಿ ಹಾಸಿ ಮಲಗಿಸಿ. ಹೊಸದಾಗಿ ಹಾಕಿಸಿದ ಟೈಲ್ಸ್ ಕೊಳೆಯಾಗುತ್ತದೆ ಎಂಬ ನಿಮ್ಮ ಪತಿಯ ಆಕ್ಷೇಪವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನೆಲವನ್ನು ಒರೆಸಬಹುದು.

ನಿದ್ರೆ ಮರಳಿದ ಮೇಲೆ ಕಾರಿನ ಮಾತು. ನಿಂತ ಕಾರಿನ ಬಾಗಿಲು ತೆರೆದಿಟ್ಟು ಅದರೊಳಗೆ ಊಟ ಹಾಕಿ, ತಿಂದು ತಾನೇ ಇಳಿದು ಹೋಗಲಿ. ನಡುಕ ನಿಂತ ಮೇಲೆ ಎಂಜಿನ್ ಶುರು ಮಾಡಿ, ಆಮೇಲೆ ಬೀದಿಯ ತುದಿಯವರೆಗೆ ಹೋಗಿ ಮನೆಗೇ ಮರಳಿ. ಒಂದು ತಿಂಗಳಲ್ಲಿ ಬೇಲೂರು ದಾರಿಯ ಪ್ರಯಾಣಕ್ಕೆ ಅದು ಸಿದ್ಧವಾಗದಿದ್ದರೆ ಒತ್ತಾಯ ಬೇಡ. ನಿಶ್ಚಿತಾರ್ಥದ ದಿನ ಪರಿಚಯವಿರುವ ಒಬ್ಬರು ನಿಮ್ಮ ಮನೆಯಲ್ಲೇ ಬಂದು ಉಳಿಯಲಿ.

ಪಕ್ಕದ ಮನೆಯ ಆ ಶಿಕ್ಷಕಿಯ ಬಗ್ಗೆ ನನಗೆ ನಿಜವಾದ ಮರುಕವಿದೆ, ಅವರು ಕೇಳಿದ್ದು ನಿದ್ರೆಯನ್ನು ಮಾತ್ರ. ಅವರ ಮನೆಗೆ ಹೋಗಿ ಕ್ಷಮೆ ಕೇಳಿ, ಇನ್ನು ಸ್ವಲ್ಪ ದಿನ ಸಹಿಸಿಕೊಳ್ಳಿ ಎಂದು ವಿನಂತಿಸುವ ಕೆಲಸವನ್ನು ನಿಮ್ಮ ಭಾವನವರೇ ಮಾಡಬೇಕು.